ತಪ್ಪಿದ್ದಕ್ಕೂ ಒಂದು ಪಾಯಿಂಟ್

"ನಂಬರ್ ನೈನ್ ಫೈನಲ್ ಆಡಬಾರದು."

ಸ್ಟೇಸಿ ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಿ, ವಾಯ್ಸ್ ನೋಟ್ ಕಳಿಸಿ, ಫೋನನ್ನು ಮಗುಚಿ ಮೇಜಿನ ಮೇಲಿಟ್ಟಳು.

ಪ್ರೀತಿಸಿದ ಹುಡುಗಿಯ ಬಾಯಿಂದ ಹುಡುಗರು ಏನೇನೋ ಕೇಳಲು ಕಾದು ಕೂತಿರುತ್ತಾರೆ. ಒಂಬತ್ತನೇ ನಂಬರಿನ ಕೀರ್ತನ್‌ಗೆ ಕೇಳಿಸಿದ್ದು ಇದು. ಅದೂ ಗುಟ್ಟಿನಲ್ಲಲ್ಲ, ಇಡೀ ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಲ್ಲಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರಲ್ಲ, ಸ್ಟೇಸಿಗೆ ಆ ಗಾದೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಹೇಳಿದಳು.

ಗಲ್ಫಿನ ಆ ಕ್ಲಬ್ಬಿನ ಹೆಸರು ಖಲೀಫಾ ಸಿಟಿ ಹೆರಾನ್ಸ್. ಆಡುವುದು ಆಸ್ಟ್ರೇಲಿಯನ್ ಫುಟ್‌ಬಾಲ್. ನಮ್ಮ ಕಡೆಯವರಿಗೆ ಈ ಆಟ ತೋರಿಸಿದರೆ ಮೊದಲು ನಗುತ್ತಾರೆ. ಚೆಂಡು ಮಾವಿನಕಾಯಿಯ ಹಾಗೆ ಉದ್ದಕ್ಕೆ. ಅದನ್ನು ಒದೆಯಬಹುದು, ಮುಷ್ಟಿಯಲ್ಲಿ ಗುದ್ದಿ ದಾಟಿಸಬಹುದು, ಎದುರಾಳಿಯ ಹೆಗಲ ಮೇಲೇರಿ ಹಿಡಿಯಬಹುದು. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಚೆಂಡು ಹೋದರೆ ಆರು ಪಾಯಿಂಟ್. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಪಾಯಿಂಟ್ ಕೊಡುತ್ತಾರೆ.

ಸ್ಟೇಸಿ ಕೆಲಸ ಮಾಡುವುದು ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕಿನಲ್ಲಿ. ಜತೆಗಿದ್ದ ಆಸ್ಟ್ರೇಲಿಯದ ನರ್ಸ್ ಒಂದು ಶನಿವಾರ ಮ್ಯಾಚಿಗೆ ಎಳೆದುಕೊಂಡು ಹೋದಳು. ಆ ನರ್ಸ್ ಕೆಲಸ ಬಿಟ್ಟು ಊರಿಗೆ ಹೋಗಿಯಾಯಿತು, ಸ್ಟೇಸಿಯ ಹುಚ್ಚು ಮಾತ್ರ ಬಿಡಲಿಲ್ಲ. ಪ್ರತಿ ಭಾನುವಾರ ಚರ್ಚಿನಿಂದ ಬಂದು, ಯಾರ ಫಾರ್ಮ್ ಹೇಗಿದೆ, ಮುಂದಿನ ವಾರ ಯಾರು ಒಳಗೆ, ಯಾರು ಹೊರಗೆ ಎಂದು ಒಂದು ವಾಯ್ಸ್ ನೋಟ್ ಹಾಕುತ್ತಿದ್ದಳು. ಮೊದಮೊದಲು ಎಲ್ಲರೂ ತಮಾಷೆಗೆ ಕೇಳಿದರು. ಆಮೇಲೆ ಕೋಚ್ ನೆಲ್ಸನ್ ನಿಜವಾಗಿಯೇ ಕೇಳತೊಡಗಿದ. ಅವನು ಬಜ್ಪೆಯ ದಂಪತಿಯ ಮಗ, ಹುಟ್ಟಿ ಬೆಳೆದದ್ದೆಲ್ಲ ಪರ್ತ್‌ನಲ್ಲಿ, ಇಲ್ಲಿ ಶಾಲೆಯೊಂದರ ಪಿ.ಟಿ. ಮೇಷ್ಟ್ರು. ಕೊಂಕಣಿಯಲ್ಲಿ ತಿಂಡಿಗಳ ಹೆಸರು ಬರುತ್ತಿತ್ತು, ಕನ್ನಡ ಒಂದಕ್ಷರ ಬಾರದು. ಆ ಟೀಮಿನಲ್ಲಿ ಕನ್ನಡ ಬರುತ್ತಿದ್ದದ್ದು ಕೀರ್ತನ್ ಒಬ್ಬನಿಗೆ.

ಅದು ಸ್ಟೇಸಿಗೆ ಗೊತ್ತಾದ ರೀತಿಯೇ ಒಂದು ಕಥೆ.

ಗಲ್ಫಿನಲ್ಲಿ ಕನ್ನಡದಲ್ಲಿ ಬೈಯುವ ಮುನ್ನ ನಾಲ್ಕೂ ದಿಕ್ಕು ನೋಡಿಕೊಳ್ಳಬೇಕು. ಲಿಫ್ಟಿನಲ್ಲಿ ಹಿಂದೆ ನಿಂತವನು ಉಡುಪಿಯವನೇ ಆಗಿರುತ್ತಾನೆ. ಸ್ಟೇಸಿ ಆ ದಿನ ನೋಡಿಕೊಳ್ಳಲಿಲ್ಲ. ಹೊಸದಾಗಿ ಬಂದ ಉದ್ದದ ಹುಡುಗನೊಬ್ಬ ತಲೆ ಬಗ್ಗಿಸಿಕೊಂಡು ಓಡುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ಏ ಉದ್ದದವನೇ! ನೆಲದಲ್ಲಿ ಎಂತ ಹುಡುಕ್ತಿದ್ದಿ? ಚಿಲ್ಲರೆ ಬಿದ್ದುಂಟಾ? ಚೆಂಡು ಮೇಲುಂಟು ಮಾರಾಯ!"

ಹುಡುಗ ಗಕ್ಕನೆ ನಿಂತು ಅವಳ ಕಡೆ ತಿರುಗಿದ. ಚೆಂಡು ಬಂದು ಅವನ ಹುಬ್ಬಿಗೆ ಬಡಿಯಿತು.

ಮ್ಯಾಚ್ ಮುಗಿದ ಮೇಲೆ ಹುಬ್ಬಿಗೆ ಐಸ್ ಒತ್ತಿಕೊಂಡು ಅವಳೆದುರು ಬಂದು ನಿಂತ. ಒಂದು ಕಣ್ಣು ಮುಚ್ಚಿತ್ತು. ತೆರೆದಿದ್ದ ಇನ್ನೊಂದು ಕಣ್ಣು ಎರಡು ಕಣ್ಣಿನ ಕೆಲಸ ಮಾಡುತ್ತಿತ್ತು.

"ಚಿಲ್ಲರೆ ಸಿಗ್ಲಿಲ್ಲ," ಎಂದ.

ಸ್ಟೇಸಿಯ ಕಿವಿ ಬಿಸಿಯಾಯಿತು. "ಅಯ್ಯೋ ದೇವಾ. ನೀವು ಊರಿನವರಾ?"

"ಕಾರ್ಕಳ. ಕಾಲೇಜಲ್ಲಿ ವಾಲಿಬಾಲ್ ಆಡ್ತಿದ್ದೆ. ಅಲ್ಲಿ ಯಾರೂ ಹೀಗೆ ಬೈತಿರ್ಲಿಲ್ಲ."

"ಬೈದಿದ್ರೆ ಇಷ್ಟೊತ್ತಿಗೆ ಸರಿಯಾಗ್ತಿದ್ರಿ."

ಅವನು ನಕ್ಕ. ನಕ್ಕರೆ ಹುಬ್ಬು ನೋಯುತ್ತಿತ್ತು, ಆದರೂ ನಕ್ಕ. ಸ್ಟೇಸಿ ಆವತ್ತೇ ಪ್ರೀತಿಯಲ್ಲಿ ಬಿದ್ದಳು, ಒಪ್ಪಿಕೊಳ್ಳಲು ಮಾತ್ರ ಚಳಿಗಾಲ ಕಳೆಯಬೇಕಾಯಿತು.

ಕೀರ್ತನ್ ಕೆಲಸ ಎಲೆಕ್ಟ್ರಾ ಸ್ಟ್ರೀಟಿನ ಕಾರ್ಗೋ ಆಫೀಸಿನಲ್ಲಿ. ಸಂಜೆ ಪ್ರಾಕ್ಟೀಸ್ ಮುಗಿಸಿ, ಮೈಯೆಲ್ಲ ಹುಲ್ಲಿನ ವಾಸನೆ ಹೊತ್ತು ಅವಳ ಕಾರಿನಲ್ಲಿ ಬಂದು ಕೂರುತ್ತಿದ್ದ. ಕೆಫೆಟೇರಿಯಾದ ಎದುರು ಹಾರ್ನ್ ಹೊಡೆದರೆ ಕಡಕ್ ಚಹಾ ಕಾರಿಗೇ ಬರುತ್ತದೆ. ಪೇಪರ್ ಕಪ್ಪಿನ ಅಂಚಿನ ಮೇಲಿಂದ ಅವಳನ್ನು ನೋಡುತ್ತಾ ಅವನು ಕೇಳುತ್ತಿದ್ದ.

"ನನ್ನ ಫಾರ್ಮ್ ಹೇಗುಂಟು?"

"ಆಟದ್ದಾ? ಬೇರೆದ್ದಾ?"

"ಬೇರೆದ್ದು."

"ಪರವಾಗಿಲ್ಲ. ಸೆಲೆಕ್ಷನ್ ಇನ್ನೂ ಆಗ್ಲಿಲ್ಲ."

"ಸೆಲೆಕ್ಟರಿಗೆ ಚಹಾ ಕುಡಿಸಿದ್ದು ನಾನು."

"ಲಂಚ ಅಂತ ಬರ್ಕೊಳ್ತೇನೆ." ಹೀಗೆ ಹೇಳಿ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದರೆ, ಕಿಟಕಿಯ ಗಾಜಿನಲ್ಲೂ ಅವನೇ ಇರುತ್ತಿದ್ದ. ಗಾಜಿನಲ್ಲೇ ಒಬ್ಬರನ್ನೊಬ್ಬರು ನೋಡಿಕೊಳ್ಳುವಷ್ಟರಲ್ಲಿ ಚಹಾ ತಣ್ಣಗಾಗುತ್ತಿತ್ತು.

ಎರಡನೇ ವರ್ಷದ ಜನವರಿಯಲ್ಲಿ ಸ್ಟೇಸಿ ಮನೆಯಲ್ಲಿ ಹೇಳಿದಳು. ಹುಡುಗ ತುಳು ಮನೆಮಾತಿನವನು, ಹಿಂದೂ. ಮಮ್ಮಿ ಸಿಸಿಲಿಯಾ ಒಂದು ತಿಂಗಳು ಮಾತು ಬಿಟ್ಟರು. "ಊಟ ಮೇಜಿನ ಮೇಲುಂಟು" ಎನ್ನುವುದನ್ನು ಕೂಡ ಗೋಡೆಗೆ ಹೇಳುತ್ತಿದ್ದರು. ಸ್ಟೇಸಿ ಅತ್ತಳು, ಹಟ ಮಾಡಿದಳು, ತಗ್ಗಲಿಲ್ಲ. ಕೊನೆಗೆ ಪಪ್ಪಾ ಇಗ್ನೇಶಿಯಸ್ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು.

"ಹುಡುಗನ ಅಪ್ಪ ನಂಗೊಂದು ಫೋನ್ ಮಾಡ್ಲಿ. ನಮ್ಮ ಮಗನಿಗೆ ನಿಮ್ಮ ಮಗಳು ಬೇಕು ಅಂತ ಅಷ್ಟೇ ಹೇಳ್ಲಿ. ಮತ್ತೆ ನಾನು ಅಡ್ಡ ಬರುದಿಲ್ಲ."

ಆ ಒಂದು ಫೋನ್ ಬರಲೇ ಇಲ್ಲ. ಕೀರ್ತನ್‌ನ ಅಪ್ಪ ಶೀನಪ್ಪ, ಅಮ್ಮ ವಾರಿಜಾಕ್ಷಿ, ದೊಡ್ಡ ಮಗ ಸುಶಾಂತನ ಮಗು ನೋಡಲು ವಿಸಿಟ್ ವೀಸಾದಲ್ಲಿ ಬಂದು ದುಬೈಯ ಅಲ್ ಮುರಕ್ಕಬಾತ್‌ನ ಫ್ಲಾಟಿನಲ್ಲಿದ್ದರು. ಕೀರ್ತನ್ ವಾರ ವಾರ ಅಲ್ಲಿಗೆ ಹೋಗುತ್ತಿದ್ದ, ವಾರ ವಾರ ಹೇಳದೆ ಬರುತ್ತಿದ್ದ. ಅಪ್ಪನ ಮೂಡ್ ಸರಿ ಇರಲಿಲ್ಲ, ಮಗುವಿಗೆ ಜ್ವರ ಇತ್ತು, ಅತ್ತಿಗೆಯ ಮನೆಯವರು ಬಂದಿದ್ದರು. ಎಲ್ಲವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕೊನೆಗೆ ಅವನೇ ಒಂದು ದಿನ ಗೊತ್ತು ಮಾಡಿದ.

"ಫೈನಲ್‌ಗೆ ಅಪ್ಪ ಅಮ್ಮ ಬರ್ತಾರೆ. ನಾನು ಆಡುದು ನೋಡಿದ್ರೆ ಅಪ್ಪ ಖುಷಿಯಲ್ಲಿರ್ತಾರೆ. ಗ್ರೌಂಡಲ್ಲೇ ಹೇಳ್ತೇನೆ. ಆ ರಾತ್ರಿಯೇ ನಿನ್ನ ಪಪ್ಪನಿಗೆ ಫೋನ್."

ಸ್ಟೇಸಿ ನಂಬಿದಳು. ನಂಬದೆ ಏನು ಮಾಡುವುದು, ಬಾಯಿ ಉದ್ದವಾದವರ ಹೃದಯವೂ ಗಟ್ಟಿ ಇರುತ್ತದೆಂದು ಯಾರು ಹೇಳಿದ್ದು?

ಸೆಮಿಫೈನಲ್‌ನಲ್ಲಿ ಹೆರಾನ್ಸ್ ಗೆದ್ದಿತು. ಉಳಿದವರು ಕುಣಿಯುತ್ತಿದ್ದರೆ ಸ್ಟೇಸಿಯ ಕಣ್ಣು ಕೀರ್ತನ್‌ನ ಎಡಗಾಲಿನ ಮೇಲಿತ್ತು. ಕಡೆಯ ಅರ್ಧ ಗಂಟೆ ಅವನು ಆ ಕಾಲನ್ನು ಸರಿಯಾಗಿ ನೆಲಕ್ಕೆ ಊರಿದ್ದೇ ಇಲ್ಲ. ಬಲಗಾಲಲ್ಲಿ ಒದೆಯುವವನು ಭಾರ ಬಿಡುವುದು ಎಡಗಾಲಿನ ಮೇಲೆ. ತೊಡೆಯ ಹಿಂಭಾಗ ಹಿಡಿದುಕೊಂಡಿತ್ತು.

"ಕಾಲು ಎಂತಾಯ್ತು?"

"ಮಾಫಿ ಪ್ರಾಬ್ಲಂ. ಎಂತ ಇಲ್ಲ."

"ನನ್ನ ಹತ್ರ ಅರಬಿ ಬಿಡ್ಬೇಡ. ನೆಲ್ಸನ್‌ಗೆ ಹೇಳು."

"ಹುಚ್ಚಾ ನಿಂಗೆ? ಹೇಳಿದ್ರೆ ತೆಗೀತಾನೆ. ಅಪ್ಪ ಬರ್ತಾರೆ ಸ್ಟೇಸಿ. ನಾನು ಆಡ್ಬೇಕು. ನಿನಗೋಸ್ಕರವೇ ಅಲ್ವಾ?"

"ಸ್ನಾಯು ಹರಿದ್ರೆ ಒಂದು ವರ್ಷ ಮೂಲೆಗೆ."

"ನೀನು ಡಾಕ್ಟರಾ?"

"ಡಾಕ್ಟರಲ್ಲ. ಕಣ್ಣುಂಟು."

ಅವನು ಅವಳ ಗಲ್ಲವನ್ನು ಹಿಡಿದು ತನ್ನ ಕಡೆ ತಿರುಗಿಸಿದ. "ಒಂದೇ ಒಂದು ಸಲ ಆ ಕಣ್ಣು ಮುಚ್ಚು. ಪ್ಲೀಸ್."

ಭಾನುವಾರ ಮಧ್ಯಾಹ್ನದವರೆಗೂ ಅವಳು ಮುಚ್ಚಲು ನೋಡಿದಳು. ಅವನು ಆಡದಿದ್ದರೆ ಆ ಮಾತು ಆಡುವುದಿಲ್ಲ, ಫೋನ್ ಬರುವುದಿಲ್ಲ. ಅವಳ ಮದುವೆಯೇ ಅವನ ಎಡಗಾಲಿಗೆ ಕಟ್ಟಿಕೊಂಡಿತ್ತು. ಆದರೆ ಎರಡು ವರ್ಷ ಯಾರ ಮುಖವನ್ನೂ ನೋಡದೆ ಫಾರ್ಮ್ ಹೇಳಿದವಳು, ತನ್ನವನೆಂದು ಸುಳ್ಳು ಹೇಳಿ, ಆ ಕಾಲು ಮೈದಾನದಲ್ಲಿ ಹರಿಯುವುದನ್ನು ನಿಂತು ನೋಡಬೇಕೇ? ಆಗಲಿಲ್ಲ. ಹೇಳಿದಳು.

ಐದು ನಿಮಿಷಕ್ಕೆ ಅವನ ಫೋನ್ ಬಂತು.

"ಖಲಾಸ್," ಎಂದ. "ನೀನೇ ಹಾಳು ಮಾಡಿದ್ದು. ನೆನಪಿಟ್ಕೋ."

ನೆಲ್ಸನ್ ಅವನನ್ನು ಪೂರ್ತಿ ತೆಗೆಯಲಿಲ್ಲ, ಎಮರ್ಜೆನ್ಸಿ ಎಂದು ಇಟ್ಟ. ಹಾಗೆಂದರೆ ಹೆಸರು ಪಟ್ಟಿಯಲ್ಲಿರುತ್ತದೆ, ಬಟ್ಟೆ ತೊಟ್ಟು ಬರಬೇಕು, ಎಲ್ಲರ ಜತೆ ಬೆವರು ಹರಿಸಿ ಬೆಂಚಿನಲ್ಲಿ ಕೂರಬೇಕು. ಯಾರಿಗಾದರೂ ಪೆಟ್ಟಾದರೆ ಮಾತ್ರ ಕರೆ ಬರುತ್ತದೆ.

ಫೈನಲ್‌ನ ದಿನ ಸ್ಟೇಸಿ ಹಸಿರು ಕುರ್ತಾ ಹಾಕಿದಳು. ಮಮ್ಮಿ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿ, ದುಪಟ್ಟಾದ ಮಡಿಕೆ ಸರಿ ಮಾಡಿದರು.

ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಇಬ್ಬರು ಕೂತಿದ್ದರು. ಗಂಡಸಿಗೆ ಕೀರ್ತನ್‌ನದೇ ಉದ್ದ ಕಾಲು. ಕೀರ್ತನ್ ಅವಳು ಬರುವುದನ್ನು ಕಂಡು ಎದ್ದು ನಿಂತ, ಮುಖ ನೋಡದೆ ಪರಿಚಯ ಮಾಡಿಸಿದ.

"ಅಪ್ಪ, ಇವರು ಸ್ಟೇಸಿ ಅಂತ. ನಮ್ಮ ಟೀಮಿನ ಫ್ಯಾನ್. ನೀವು ಇಲ್ಲೇ ಕೂತ್ಕೊಳ್ಳಿ ಸ್ಟೇಸಿ, ನೆರಳುಂಟು."

ಇವರು. ನೀವು. ಎರಡು ವರ್ಷ ನೀನು, ಮಾರಾಯ್ತಿ, ಕತ್ತೆ, ಚಿನ್ನ ಎಂದವನು. ಸ್ಟೇಸಿ ಕೂತಳು.

ಶೀನಪ್ಪ ಮಾತ್ರ ಒಳ್ಳೆಯ ಮಾತುಗಾರ. ಆಟ ಶುರುವಾದದ್ದೇ ತಡ, ಪ್ರಶ್ನೆ ಮೇಲೆ ಪ್ರಶ್ನೆ. ಅವಳು ಹೇಳಿಕೊಡುತ್ತಾ ಹೋದಳು. ಹೇಳುತ್ತಾ ಹೇಳುತ್ತಾ ತನ್ನನ್ನು ಮರೆತು ಎದ್ದು ನಿಂತು ಕಿರುಚಿದಳು ಕೂಡ.

"ತಪ್ಪಿದ್ದಕ್ಕೂ ಒಂದು ಪಾಯಿಂಟ್ ಕೊಡ್ತಾರಾ?" ಶೀನಪ್ಪ ಹೊಟ್ಟೆ ಹಿಡಿದು ನಕ್ಕರು. "ಭಾರೀ ಒಳ್ಳೆ ಆಟ ಮಾರಾಯ್ತಿ! ನಮ್ಮ ಪರೀಕ್ಷೆಯಲ್ಲಿ ಹೀಗೆ ಕೊಟ್ಟಿದ್ರೆ ನಾನೂ ಕಲೆಕ್ಟರ್ ಆಗ್ತಿದ್ದೆ. ಇವನನ್ನು ಯಾಕೆ ಕೂರಿಸಿದ್ದು ಹಾಗಾದ್ರೆ?"

"ಕಾಲು ನೋವುಂಟು. ನಾನೇ ಬೇಡ ಅಂದದ್ದು."

"ಹೌದಾ?" ಅವರು ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. "ಒಳ್ಳೇದಾಯ್ತು. ಇವನಿಗೆ ಮುಖಕ್ಕೆ ಹೇಳುವವರು ಒಬ್ಬರು ಬೇಕಿತ್ತು. ಮನೆಯಲ್ಲಿ ಎಲ್ಲರೂ ಮುದ್ದು ಮಾಡಿ ಹಾಳು ಮಾಡಿದ್ದಾರೆ."

ಸ್ಟೇಸಿಯ ಎದೆಯಲ್ಲಿ ಆಸೆ ಮತ್ತೆ ತಲೆ ಎತ್ತಿತು. ಈ ಮನುಷ್ಯ ಫೋನ್ ಮಾಡುತ್ತಾರೆ. ಕೇಳಿದರೆ ಖಂಡಿತ ಮಾಡುತ್ತಾರೆ.

ಆಗ ವಾರಿಜಾಕ್ಷಿ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಗೋಳಿಬಜೆ ಮುಂದೆ ಹಿಡಿದರು. "ತಗೋ ಮಗಾ. ನಾಚ್ಕೊಳ್ಬೇಡ. ಮೇ ತಿಂಗಳಲ್ಲಿ ಊರಿಗೆ ಬಂದ್ರೆ ನಮ್ಮಲ್ಲಿಗೆ ಬಾ. ಇವನ ನಿಶ್ಚಿತಾರ್ಥ ಉಂಟಲ್ಲ."

ಸ್ಟೇಸಿಯ ಕೈ ಡಬ್ಬಿಯ ಮೇಲೇ ನಿಂತಿತು.

"ಹೇಳ್ಲಿಲ್ವಾ ಇವನು? ನಾಚಿಕೆ ಅವನಿಗೆ. ಅಕ್ಷಿತಾ ಅಂತ, ಮೂಡಬಿದ್ರೆಯವಳು. ಜಾತಕ ಎಲ್ಲ ಕೂಡಿ ಬಂತು. ಜನವರಿಯಲ್ಲೇ ಫೋಟೋ ತೋರಿಸಿದ್ದು, ಇವನೇನೂ ಬೇಡ ಅನ್ಲಿಲ್ಲ."

ಪಾಪ, ಆ ತಾಯಿ ಇದನ್ನು ಸಕ್ಕರೆ ಹಂಚುವ ಸಂತೋಷದಲ್ಲಿ ಹೇಳುತ್ತಿದ್ದರು. ಸ್ಟೇಸಿ ಬಜೆ ಬಾಯಿಗಿಟ್ಟಳು, ನುಂಗಿದಳು, ರುಚಿಯಾಗಿದೆ ಎಂದಳು. ಕಣ್ಣು ಮಾತ್ರ ಬೆಂಚಿನ ಕಡೆ ಹೋಯಿತು. ಕೀರ್ತನ್ ಇತ್ತಲೇ ನೋಡುತ್ತಿದ್ದ. ಅಮ್ಮನ ಬಾಯಿ, ಅವಳ ಮುಖ ಎರಡನ್ನೂ ನೋಡಿ ಅವನಿಗೆ ಗೊತ್ತಾಗಿಹೋಗಿತ್ತು. ತಲೆ ತಗ್ಗಿಸಿದ, ನೆಲದಲ್ಲಿ ಚಿಲ್ಲರೆ ಹುಡುಕಲು.

ಕಡೆಯ ಕ್ವಾರ್ಟರ್. ಹೆರಾನ್ಸ್ ಎರಡು ಪಾಯಿಂಟ್ ಹಿಂದೆ. ಎತ್ತರದ ಆಟಗಾರ ಫ್ಲಾಯ್ಡ್ ಭುಜ ಹಿಡಿದುಕೊಂಡು ಹೊರಗೆ ಬಂದ. ನೆಲ್ಸನ್ ಅಂಚಿನವರೆಗೆ ಓಡಿ ಬಂದು ಇಂಗ್ಲಿಷಿನಲ್ಲಿ ಕೂಗಿದ, "ಸ್ಟೇಸ್! ಕೀರ್ತನ್‌ನನ್ನು ಇಳಿಸಲಾ? ಬೇಗ ಹೇಳು!"

ಇಡೀ ಬೆಂಚು ಅವಳನ್ನು ನೋಡಿತು. ಕೀರ್ತನ್ ಕೂಡ. ಅವಳ ನಾಲಗೆಯ ತುದಿಯಲ್ಲಿ ಒಂದು ಮಾತಿತ್ತು. ಓಡಿಸು, ಚೆನ್ನಾಗಿ ಓಡಿಸು, ಹರಿಯಲಿ. ಅಷ್ಟು ಕೆಟ್ಟ ಸಿಟ್ಟು ಅವಳಿಗೆ ಹುಟ್ಟಿದಂದಿನಿಂದ ಬಂದಿರಲಿಲ್ಲ.

"ಓಡಲಾರ," ಎಂದಳು. "ಹಾರಬಲ್ಲ. ಕಂಬದ ಎದುರು ನಿಲ್ಲಿಸು, ಅಲ್ಲಿಂದ ಅಲ್ಲಾಡಲು ಬಿಡಬೇಡ."

ಅವಳು ಹೇಳಿದ ಹಾಗೆಯೇ ಆಯಿತು. ಕೊನೆಯ ಗಳಿಗೆಯಲ್ಲಿ ಚೆಂಡು ಎತ್ತರಕ್ಕೆ ಬಂತು, ಕೀರ್ತನ್ ಇಬ್ಬರ ತಲೆ ಮೀರಿ ಹಾರಿ ಎರಡೂ ಕೈಯಲ್ಲಿ ಹಿಡಿದ. ಆಟ ಮುಗಿದ ಸೈರನ್ ಕೂಗಿತು, ಆದರೂ ಹಾಗೆ ಹಿಡಿದವನಿಗೆ ಯಾರೂ ಅಡ್ಡ ಬರದ ಒಂದು ಒದೆತ ಸಿಗುತ್ತದೆ. ಶೀನಪ್ಪ ಕುರ್ಚಿ ಬಿಟ್ಟು ಎದ್ದಿದ್ದರು. ಕೀರ್ತನ್ ನಾಲ್ಕು ಹೆಜ್ಜೆ ಬಂದು, ಎಡಗಾಲು ಊರಿ, ಒದೆದ. ಎಡಗಾಲು ಭಾರ ತಡೆಯಲಿಲ್ಲ. ಚೆಂಡು ಓರೆಯಾಗಿ ಪಕ್ಕದ ಸಂದಿಯಲ್ಲಿ ಹೋಯಿತು.

ಒಂದು ಪಾಯಿಂಟ್ ಬಂತು. ಒಂದು ಪಾಯಿಂಟಿನಿಂದ ಸೋತರು.

ಎಲ್ಲರೂ ಚದುರಿದ ಮೇಲೆ ಅವನು ಅವಳ ಕಾರಿನ ಹತ್ತಿರ ಕುಂಟುತ್ತಾ ಬಂದ.

"ನೀನು ಬೇಡ ಅನ್ನದೆ ಇದ್ದಿದ್ರೆ ಪೂರ್ತಿ ಆಡ್ತಿದ್ದೆ. ಗೆಲ್ತಿದ್ದೆವು. ಹೇಳ್ತಿದ್ದೆ."

"ಯಾರಿಗೆ? ಅಕ್ಷಿತಾಳಿಗಾ?"

ಅವನು ಬಾನೆಟ್ಟಿನ ಮೇಲೆ ಕೈಯೂರಿದ. "ಅಮ್ಮ ಫೋಟೋ ತೋರಿಸಿದ್ರು. ಇಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ. ಹೂಂ ಅಂತಾನೂ ಹೇಳ್ಲಿಲ್ಲ ಸ್ಟೇಸಿ, ದೇವರಾಣೆ."

"ಹೂಂ ಇಲ್ಲ, ಉಹೂಂ ಇಲ್ಲ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ಜನವರಿಯಲ್ಲಿ ನಾನು ನಮ್ಮ ಮನೆಯಲ್ಲಿ ಹೇಳಿದ್ದು, ಗೊತ್ತುಂಟಾ ನಿಂಗೆ? ಒಂದು ತಿಂಗಳು ನನ್ನ ತಾಯಿ ನನ್ನ ಮುಖ ನೋಡ್ಲಿಲ್ಲ. ಆಗ ನೀನು ಫೋಟೋ ನೋಡ್ತಿದ್ದಿ."

"ನಮ್ಮದು ಒಂದು ವೇಳೆ ಆಗದಿದ್ರೆ ಅಂತ..."

"ಅಂತ ಒಬ್ಬಳನ್ನು ಬೆಂಚಲ್ಲಿ ಕೂರಿಸಿದ್ದಿ. ಯಾರು ಬೆಂಚಲ್ಲಿದ್ದದ್ದು ಕೀರ್ತನ್? ಅವಳಾ, ನಾನಾ?"

ಅವನ ಕಣ್ಣು ತುಂಬಿತು. ಸುಳ್ಳಿನ ನೀರಲ್ಲ ಅದು, ಅವಳಿಗೆ ಗೊತ್ತಿತ್ತು. "ನೀನಿಲ್ಲದೆ ನಂಗಾಗುದಿಲ್ಲ. ಪ್ರೀತಿ ಸುಳ್ಳಲ್ಲ ಮಾರಾಯ್ತಿ. ಒಂದು ವರ್ಷ ಕಾಯಿ."

ಎರಡು ವರ್ಷ ಅವಳು ಈ ಮಾತಿಗೆ ಕಾದಿದ್ದಳು, ಕೊನೆಯ ವಾಕ್ಯ ಒಂದನ್ನು ಬಿಟ್ಟು. ಅವನ ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ ಕಾಣುತ್ತಿತ್ತು. ಮುಟ್ಟಬೇಕೆನಿಸಿತು. ಅವಳಿಗೆ ಅವನೆಂದರೆ ಈಗಲೂ ಪ್ರಾಣ, ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

"ವರ್ಷ ಯಾಕೆ?" ಎಂದಳು. "ನಿನ್ನ ಅಪ್ಪ ಅಲ್ಲೇ ಇದ್ದಾರೆ, ನೋಡು. ನಡಿ. ನಾನೂ ಬರ್ತೇನೆ. ಒಂದೇ ಮಾತು ಹೇಳು. ಅವರು ಬೈದ್ರೆ ಇಬ್ಬರೂ ಬೈಸ್ಕೊಳ್ಳುವ."

ಪಾರ್ಕಿಂಗಿನ ಆ ತುದಿಯಲ್ಲಿ ಶೀನಪ್ಪ ಸುಶಾಂತನ ಕಾರಿನ ಬಾಗಿಲು ತೆಗೆದು ನಿಂತಿದ್ದರು. ಇವರನ್ನು ಕಂಡು ಕೈ ಬೀಸಿದರು, ಅವಳಿಗೂ ಸೇರಿಸಿ.

ಕೀರ್ತನ್ ಅತ್ತ ನೋಡಿದ. ಇತ್ತ ನೋಡಿದ. ಸ್ಟೇಸಿ ಕಾದಳು.

"ಇವತ್ತು ಬೇಡ ಸ್ಟೇಸಿ," ಎಂದ. "ಸೋತ ದಿನ."

"ಬಲ ಮಗಾ! ಯಲ್ಲಾ, ಲೇಟ್ ಆಪುಂಡು!" ತಡವಾಗುತ್ತದೆ ಬಾ ಎಂದು ಶೀನಪ್ಪ ತುಳುವಿನಲ್ಲಿ ಕೂಗಿದರು. ಮಗ ಅಪ್ಪನ ಕರೆಗೆ ಹೋದ, ಎಡಗಾಲು ಎಳೆಯುತ್ತಾ. ಅವನು ತಿರುಗಿ ನೋಡುತ್ತಾನೆಯೇ ಎಂದು ಅವಳು ಕಾಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾದಳು. ಅವನು ನೋಡಲಿಲ್ಲ.

ಮರುದಿನ ಚರ್ಚಿನಿಂದ ಬರುವಾಗ ಪಪ್ಪಾ "ಫೋನ್ ಬರ್ತದಾ?" ಎಂದು ಕೇಳಲಿಲ್ಲ. ಮಗಳ ಮುಖ ನೋಡಿ ರೇಡಿಯೋ ಹಾಕಿದರು. ಮನೆಯಲ್ಲಿ ಮಮ್ಮಿ ಗೋಡೆಗಲ್ಲ, ಅವಳಿಗೇ ಹೇಳಿದರು, "ಬಾ, ಬಂಗುಡೆ ಹುರಿದಿದ್ದೇನೆ." ಸ್ಟೇಸಿ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು, ಸಾಕೆನಿಸುವಷ್ಟು ಅತ್ತಳು.

ಗ್ರೂಪಿನಲ್ಲಿ ಎಲ್ಲರೂ ಕೇಳುತ್ತಿದ್ದರು, ಸೀಸನ್ನಿನ ಕೊನೆಯ ರಿಪೋರ್ಟ್ ಎಲ್ಲಿ? ಅವಳು ಮುಖ ತೊಳೆದು ಫೋನ್ ಕೈಗೆತ್ತಿಕೊಂಡಳು. ಇಂಗ್ಲಿಷಿನಲ್ಲಿ ಒಬ್ಬೊಬ್ಬರದೇ ಫಾರ್ಮ್ ಹೇಳಿದಳು. ಫ್ಲಾಯ್ಡ್‌ನ ಭುಜ ವಾಸಿಯಾದರೆ ಮುಂದಿನ ವರ್ಷ ಅವನೇ ಕ್ಯಾಪ್ಟನ್ ಆಗಲಿ. ನೆಲ್ಸನ್ ಬದಲಿ ಆಟಗಾರರನ್ನು ಇಳಿಸಲು ತಡ ಮಾಡುತ್ತಾನೆ. ಎಲ್ಲ ಮುಗಿದ ಮೇಲೆ ಒಂದು ಉಸಿರು ಬಿಟ್ಟು ಕನ್ನಡಕ್ಕೆ ಬಂದಳು. ಈ ಸಲ ನಾಲ್ಕೂ ದಿಕ್ಕು ನೋಡಿಕೊಂಡೇ ಬಂದಳು, ಅರ್ಥವಾಗುವವನು ಒಬ್ಬನೇ ಎಂದು ಗೊತ್ತಿದ್ದು.

"ಒಂಬತ್ತನೇ ನಂಬರ್. ಕೈ ಒಳ್ಳೇದುಂಟು. ಕಾಲು ಗುಣ ಆಗ್ತದೆ, ಡಾಕ್ಟರ್ ಹತ್ರ ತೋರಿಸು. ಆದ್ರೆ ನಿನ್ನ ಕಣ್ಣು ನಡುವಿನ ಕಂಬದ ಮೇಲೆ ಇರುದಿಲ್ಲ ಮಾರಾಯ, ಪಕ್ಕದ ಸಂದಿ ಮೇಲಿರ್ತದೆ. ತಪ್ಪಿದ್ರೂ ಒಂದು ಸಿಗ್ತದಲ್ಲ ಅಂತ. ನಂಗೆ ಆ ಒಂದು ಬೇಡ. ನನ್ನ ಟೀಮಲ್ಲಿ ನಿಂಗೆ ಜಾಗ ಇಲ್ಲ."

ಕಳಿಸಿದಳು.

"ಕೊನೆಯಲ್ಲಿ ಏನು ಹೇಳಿದೆ ಸ್ಟೇಸ್?" ಎಂದು ನೆಲ್ಸನ್ ಇಂಗ್ಲಿಷಿನಲ್ಲಿ ಕೇಳಿದ. "ಊರಿನ ಸುದ್ದಿ," ಎಂದು ಬರೆದಳು.

ತೆರೆಯ ಮೇಲೆ ಕೀರ್ತನ್ ಟೈಪಿಂಗ್ ಎಂದು ಬಂತು. ನಿಂತಿತು. ಮತ್ತೆ ಬಂತು. ಅವಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು, ಒಳಗಿನಿಂದ ಮಮ್ಮಿ ಮತ್ತೊಮ್ಮೆ ಕರೆದರು. ಟೈಪಿಂಗ್ ನಿಂತಿತು.

ಹೂಂ ಇಲ್ಲ, ಉಹೂಂ ಇಲ್ಲ.

ಸ್ಟೇಸಿ ಗ್ರೂಪ್ ಬಿಟ್ಟು, ಫೋನ್ ಮಗುಚಿಟ್ಟು, ಊಟಕ್ಕೆ ಹೋದಳು.